ಮೂರು ಕಾಪಿ, ಒಂದು ಕಳಶ

ಕಂಪ್ಯೂಟರಿಗೆ ನೀರು ಕುಡಿಸಿದವರನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ಇಲ್ಲವಾದರೆ ಈ ಅಂಕಣದ ನೆತ್ತಿಯ ಮೇಲಿರುವ ನನ್ನ ಫೋಟೊವನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ.

ಈ ಸಲದ ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಮಂಗಳಾರತಿ ಮುಗಿದ ಎರಡನೇ ನಿಮಿಷಕ್ಕೆ, ನಮ್ಮ ವರ್ಕ್‌ಶಾಪಿನ ಹದಿನೆಂಟು ವರ್ಷದ ಕೆಲಸವನ್ನು ನಾನು ಒಂದು ತಂಬಿಗೆ ನೀರಿನಲ್ಲಿ ಮುಳುಗಿಸಿದೆ. ಭಕ್ತಿಯಿಂದಲೇ ಮುಳುಗಿಸಿದೆ. ಆ ಬಗ್ಗೆ ಯಾರೂ ಅನುಮಾನ ಪಡಬೇಕಾಗಿಲ್ಲ.

ಹೊಸ ಓದುಗರಿಗೆ ಸ್ವಲ್ಪ ಪರಿಚಯ. ನಾನೂ ನಮ್ಮ ಮನೆಯವರೂ ಸೇರಿ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಸಣ್ಣ ಪ್ಯಾಟರ್ನ್ ಶಾಪ್ ನಡೆಸುತ್ತೇವೆ. (ವಾರಕ್ಕೊಮ್ಮೆ ಇಲ್ಲಿ ಬರೆದು ಊರಿಗೆಲ್ಲ ಬುದ್ಧಿ ಹೇಳುವುದು ನನ್ನ ಜೋಡು ಉದ್ಯೋಗ.) ಪ್ಯಾಟರ್ನ್ ಎಂದರೆ ಸೀರೆಯ ಡಿಸೈನ್ ಅಲ್ಲ. ಫೌಂಡ್ರಿಯಲ್ಲಿ ಕಬ್ಬಿಣ ಕರಗಿಸಿ ಹೊಯ್ಯುವ ಮೊದಲು ಮರಳಿನಲ್ಲಿ ಒಂದು ಆಕಾರ ಒತ್ತಬೇಕು. ಆ ಆಕಾರದ ಮರದ ಮಾದರಿಯೇ ಪ್ಯಾಟರ್ನ್. ಅದನ್ನು ಮಾಡುವವರು ನಾವು.

ಕೇಳಲು ಸುಲಭ. ಆದರೆ ಕಬ್ಬಿಣ ಆರುವಾಗ ಕುಗ್ಗುತ್ತದೆ. ಒಂದು ಕಡೆ ಹೆಚ್ಚು ಕುಗ್ಗಿದರೆ ಬಿರಿಯುತ್ತದೆ. ಹಾಗಾಗಿ ಮರದ ಮಾದರಿ ಎಲ್ಲಿ ತುಸು ದೊಡ್ಡದಿರಬೇಕು, ಯಾವ ಮೂಲೆ ದುಂಡಗಿರಬೇಕು, ಎಷ್ಟು ದಪ್ಪ ಇರಬೇಕು ಎಂಬುದೇ ಈ ಧಂದೆಯ ಜೀವಾಳ. ಅದು ಗೊತ್ತಿದ್ದರೆ ನಾವು ಪ್ಯಾಟರ್ನ್ ಮಾಡುವವರು. ಗೊತ್ತಿಲ್ಲದಿದ್ದರೆ ಬರೀ ಕಟ್ಟಿಗೆ ಕೊರೆಯುವವರು.

ನಮ್ಮಲ್ಲಿ ಅದು ಗೊತ್ತಿದ್ದವರು ಪರಶುರಾಮ ಮಿಸ್ತ್ರಿ. ಖಾನಾಪುರ ತಾಲೂಕಿನ ಗುಂಜಿಯವರು. ಹದಿನಾರು ವರ್ಷ ದಿನಾ ರೈಲಿನಲ್ಲೋ ಬಸ್ಸಿನಲ್ಲೋ ಬೆಳಗಾವಿಗೆ ಬಂದು ಹೋದವರು. ಹೊಸ ಕೆಲಸ ಬಂದರೆ ಒಂದು ಪ್ಲೈವುಡ್ ಹಲಗೆ ತೆಗೆದುಕೊಂಡು, ಅದರ ಮೇಲೆ ನಿಜವಾದ ಅಳತೆಯಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆಯುತ್ತಿದ್ದರು. ಆಮೇಲೇ ಉಳಿಗೆ ಕೈ ಹಾಕುವುದು. ಅಂಥ ನೂರಾರು ಹಲಗೆಗಳು ನಮ್ಮ ಶೆಡ್ಡಿನ ಹಿಂಗೋಡೆಗೆ ಒರಗಿ ನಿಂತಿದ್ದವು.

ಎರಡೂವರೆ ವರ್ಷದ ಕೆಳಗೆ ನನಗೆ ಆಧುನಿಕತೆ ಬಂತು. (ಕೆಲವರಿಗೆ ಬಿಪಿ ಬರುತ್ತದೆ, ನನಗೆ ಇದು ಬಂತು.) ಒಂದು ಒಳ್ಳೆಯ ಕಂಪ್ಯೂಟರ್ ತಂದೆವು. ಡ್ರಾಯಿಂಗ್ ಮಾಡಲು ದೀಪಾ ಎಂಬ ಹುಷಾರು ಹುಡುಗಿ ಕೆಲಸಕ್ಕೆ ಸೇರಿದಳು. ಅವಳು ಏಳು ತಿಂಗಳು ಕೂತು ಒಂದೊಂದೇ ಹಲಗೆ ಅಳೆದು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದಳು. ಅಷ್ಟರಲ್ಲಿ ಮಿಸ್ತ್ರಿಯವರ ಕಣ್ಣು ಮಂಜಾಗತೊಡಗಿ ಅವರೂ ಕೆಲಸ ಬಿಡುವುದಾಗಿ ಹೇಳಿದರು. ಹೋಗುವ ದಿನ ನನ್ನನ್ನು ಒಂದೇ ಒಂದು ಕೇಳಿದರು. (ಅವರಿಗೆ ನಾನು ವೈನಿ, ಅಂದರೆ ಅತ್ತಿಗೆ.)

“ವೈನಿ, ಈ ಹಲಗಿ ಒಯ್ಯಲೇನ್ರಿ? ಇಲ್ಲಿ ಯಾರರೆ ಒಲಿಗೆ ಹಾಕ್ತಾರ.”

“ಒಯ್ರಿ ಮಿಸ್ತ್ರಿಯವರ. ನಮಗೂ ಜಾಗಾ ಖಾಲಿ ಆಗ್ತದ” ಎಂದೆ. ನನ್ನ ಔದಾರ್ಯ ಅಲ್ಲಿಗೇ ನಿಲ್ಲಲಿಲ್ಲ. ಟೆಂಪೊ ಕೂಡ ನಾನೇ ಗೊತ್ತು ಮಾಡಿ ಕೊಟ್ಟೆ.

ಆ ವಾರ ಇದೇ ಅಂಕಣದಲ್ಲಿ ಹಳೆಯದನ್ನು ಹೊರಗೆ ಹಾಕುವ ಧೈರ್ಯದ ಬಗ್ಗೆ ಬರೆದಿದ್ದೆ. ನಿಮ್ಮಲ್ಲಿ ಕೆಲವರು ಮೆಚ್ಚಿ ಪತ್ರ ಬರೆದಿರಿ. ಅದನ್ನು ನಂಬಿ ಯಾರಾದರೂ ಏನಾದರೂ ಎಸೆದಿದ್ದರೆ ದಯವಿಟ್ಟು ಕ್ಷಮಿಸಿ.

ಈಗ ಪೂಜೆಗೆ ಬರೋಣ.

ನಮ್ಮದು ಇಷ್ಟಲಿಂಗ ಕಟ್ಟಿಕೊಂಡ ಮನೆತನ. ದುಡಿಯುವುದೇ ಪೂಜೆಯಾದ ಮೇಲೆ ದುಡಿಯುವ ಮಷೀನಿಗೆ ಬೇರೆ ಪೂಜೆ ಏಕೆ ಎಂದು ನಮ್ಮ ಮಾವನವರು ಪ್ರತಿ ವರ್ಷ ಕೇಳುತ್ತಿದ್ದರು. ಈಗ ಅವರಿಲ್ಲ. ಉತ್ತರ ಕೊಡುವ ತಾಪತ್ರಯವೂ ಇಲ್ಲ. ಖಂಡೇನವಮಿ ಬಂತೆಂದರೆ ಉದ್ಯಮಬಾಗದ ಎಲ್ಲ ಶೆಡ್ಡುಗಳಂತೆ ನಮ್ಮದೂ ತೊಳೆದು, ಬಳಿದು, ಚೆಂಡುಹೂವು ಕಟ್ಟಿಸಿಕೊಂಡು ನಿಲ್ಲುತ್ತದೆ. ಉಳಿ, ಗರಗಸ, ಅಳತೆಪಟ್ಟಿ, ಸ್ಕ್ರೂಡ್ರೈವರ್, ಎಲ್ಲವನ್ನೂ ಒಂದು ದೊಡ್ಡ ಟೇಬಲಿನ ಮೇಲೆ ಜೋಡಿಸುತ್ತೇವೆ. ಅನ್ನ ಕೊಡುವ ಯಾವ ವಸ್ತುವೂ ಪೂಜೆಯಿಂದ ತಪ್ಪಿಸಿಕೊಳ್ಳಬಾರದು. ಇದು ಪದ್ಧತಿ.

ಕಂಪ್ಯೂಟರ್ ಮಾರಿದ ಪುಣ್ಯಾತ್ಮ ನಮಗೆ ಅಂದೇ ಹೇಳಿದ್ದ, ಡ್ರಾಯಿಂಗುಗಳ ಮೂರು ಕಾಪಿ ಇರಲಿ, ಮೂರೂ ಬೇರೆ ಬೇರೆ ಕಡೆ ಇರಲಿ ಅಂತ. ನಾವು ಚಾಚೂ ತಪ್ಪದೆ ಪಾಲಿಸಿದ್ದೆವು. ಒಂದು ಕಂಪ್ಯೂಟರಿನಲ್ಲಿ. ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಅದು ಮನೆಯ ತಿಜೋರಿಯೊಳಗೆ. ಮತ್ತೊಂದು ಪೆನ್‌ಡ್ರೈವಿನಲ್ಲಿ, ಅದು ನಮ್ಮ ಮನೆಯವರ ಬೀಗದ ಗೊಂಚಲಿನಲ್ಲಿ. ವರ್ಷದ ಮುನ್ನೂರ ಅರವತ್ತನಾಲ್ಕು ದಿನ ಈ ಮೂರೂ ಒಂದರ ಮುಖ ಒಂದು ನೋಡುತ್ತಿರಲಿಲ್ಲ.

ಉಳಿದ ಒಂದು ದಿನ ಯಾವುದು ಎಂದು ಹೇಳಬೇಕೇ?

ಹಾರ್ಡ್ ಡಿಸ್ಕೂ ಅನ್ನ ಕೊಡುವ ವಸ್ತುವೇ ಅಲ್ಲವೇ? ತಿಜೋರಿಯಿಂದ ತಂದೆ. ಪೆನ್‌ಡ್ರೈವನ್ನೂ ಗೊಂಚಲಿನಿಂದ ಬಿಚ್ಚಿಸಿದೆ. ಟೇಬಲಿನ ನಟ್ಟನಡುವೆ ಕಂಪ್ಯೂಟರಿನ ದೊಡ್ಡ ಡಬ್ಬಿ, ಅದರ ಎಡಬಲಕ್ಕೆ ಇವೆರಡು. ಮೂರಕ್ಕೂ ವಿಭೂತಿ, ಮೂರಕ್ಕೂ ಕುಂಕುಮ. ಮಿಸ್ತ್ರಿ ಹೋದ ಮೇಲೆ ಶಾಪಿನ ಹಿರೀಕ ಕಂಪ್ಯೂಟರೇ ಆದ್ದರಿಂದ ಕಳಶವನ್ನು ಅದರ ತಲೆಯ ಮೇಲಿಟ್ಟೆ. ತಾಮ್ರದ ತಂಬಿಗೆ, ತುಂಬ ನೀರು, ಐದೆಲೆ, ಮೇಲೆ ತೆಂಗಿನಕಾಯಿ. (ಆ ಡಬ್ಬಿಯ ನೆತ್ತಿಯಲ್ಲಿ ಗಾಳಿಯಾಡಲು ಜಾಲರಿ ಇರುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಟ್ಟೆ. ಅದರ ಮೇಲೊಂದು ಹೊಸ ಖಣದ ಬಟ್ಟೆ ಹಾಸಿದ್ದೆನಲ್ಲ, ಅದು ಸಾಕು ಅನ್ನಿಸಿತು.)

ಇನ್ನೊಂದು ಪದ್ಧತಿ ಇದೆ. ಮಂಗಳಾರತಿ ಆದ ಕೂಡಲೇ ಎಲ್ಲ ಮಷೀನುಗಳನ್ನೂ ಒಮ್ಮೆ ಚಾಲೂ ಮಾಡಬೇಕು. ಪೂಜೆ ಮಾಡಿಸಿಕೊಂಡ ಮಷೀನು ಸುಮ್ಮನೆ ನಿಂತರೆ ಅಪಶಕುನ. ಕಂಪ್ಯೂಟರ್ ಚಾಲೂ ಆಯಿತು. ಆದರೆ ಹಾರ್ಡ್ ಡಿಸ್ಕ್ ಮತ್ತು ಪೆನ್‌ಡ್ರೈವ್ ಮಿಣಮಿಣ ದೀಪ ಹತ್ತಿಸದೆ ಬಿದ್ದಿವೆಯಲ್ಲ?

“ಇವನ್ನೂ ಹಚ್ಚವಾ” ಎಂದೆ ದೀಪಾಗೆ.

“ಅಕ್ಕಾರ, ಮೂರೂ ಒಮ್ಮೆಲೆ ಹಚ್ಚೂದು ಬ್ಯಾಡ್ರಿ. ಮ್ಯಾಲೆ ನೀರ ಬ್ಯಾರೆ ಐತಿ.”

“ದೇವರ ಮುಂದ ಒಂದ ನಿಮಿಷಕ್ಕ ಏನೂ ಆಗೂದಿಲ್ಲ, ಹಚ್ಚು.”

ಹಚ್ಚಿದಳು. ಅತ್ತ ನಮ್ಮ ಮನೆಯವರು ದೊಡ್ಡ ಗರಗಸದ ಮಷೀನಿನ ಬಟನ್ ಒತ್ತಿದರು. ಅದು ಚಾಲೂ ಆದರೆ ನೆಲ ನಡುಗುತ್ತದೆ. ನೆಲ ನಡುಗಿದರೆ ಟೇಬಲ್ ನಡುಗುತ್ತದೆ. ಟೇಬಲ್ ನಡುಗಿದರೆ ಏನು ನಡುಗುತ್ತದೆ ಎಂಬುದನ್ನು ಐದನೇ ಇಯತ್ತೆಯ ಮಕ್ಕಳೂ ಹೇಳಬಲ್ಲರು. ಕಳಶ ಮೆಲ್ಲಗೆ ಒಂದು ಸುತ್ತು ತಿರುಗಿತು, ಮಗ್ಗುಲಾಯಿತು, ಜಾಲರಿಯೊಳಗೆ ಪೂರ್ತಿ ಬರಿದಾಯಿತು. ಚುರ್ ಎಂದಿತು. ಊದುಬತ್ತಿಯ ವಾಸನೆಯ ಜೊತೆ ಇನ್ನೊಂದು ವಾಸನೆ ಸೇರಿತು. ಮೂರೂ ದೀಪ ಒಟ್ಟಿಗೆ ಆರಿದವು.

ನಮ್ಮ ಮನೆಯವರು ಓಡಿ ಬಂದು ಪ್ಲಗ್ ಕಿತ್ತರು. ಆಮೇಲೆ ಧೈರ್ಯ ತಂದುಕೊಂಡು, “ಇರ್ಲಿ ಬಿಡು, ಬ್ಯಾಕಪ್ ಐತಲ್ಲ” ಎಂದರು.

ಎಲ್ಲರೂ ಟೇಬಲಿನ ಕಡೆ ನೋಡಿದೆವು. ಬ್ಯಾಕಪ್ಪಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಮರುದಿನ ದಸರೆ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದು ಮನೆ ಮನೆ ತಿರುಗಿದೆವು. ಅದರ ಮರುದಿನ ಬೆಳಗ್ಗೆ ಫೋನು ಬಂತು. ನಮ್ಮ ದೊಡ್ಡ ಗಿರಾಕಿ, ನೀರಿನ ಪಂಪು ತಯಾರಿಸುವವರು. ನಮ್ಮ ಆರು ಜನರ ಕೈಗೆ ವರ್ಷವಿಡೀ ಕೆಲಸ ಸಿಗುವುದು ಹೆಚ್ಚುಕಡಿಮೆ ಇವರಿಂದಲೇ. ಅವರ ದೊಡ್ಡ ಪಂಪಿನ ಹೊರಕವಚದ ಪ್ಯಾಟರ್ನ್ ಫೌಂಡ್ರಿಯಲ್ಲಿ ಕೈಜಾರಿ ಬಿದ್ದು ಸೀಳಿಹೋಗಿತ್ತು. ಹನ್ನೆರಡು ದಿನದಲ್ಲಿ ಹೊಸದು ಬೇಕು. ಆಗದಿದ್ದರೆ ಹೇಳಿಬಿಡಿ, ಕೊಲ್ಹಾಪುರದಲ್ಲಿ ಮಾಡಿಸುತ್ತೇವೆ, ಆಮೇಲೆ ಉಳಿದ ಕೆಲಸವೂ ಅಲ್ಲೇ ಅನುಕೂಲವಾಗಬಹುದು ಎಂದು ಬಹಳ ಮರ್ಯಾದೆಯಿಂದ ಹೇಳಿದರು.

“ಮುರಿದ ತುಂಡು ಕಳಸ್ರಿ, ಅದನ್ನರೆ ಅಳಿತೀವಿ” ಎಂದರು ನಮ್ಮ ಮನೆಯವರು.

ಫೌಂಡ್ರಿಯವರು ಆ ತುಂಡುಗಳನ್ನು ಚಹಾದ ಒಲೆಗೆ ಹಾಕಿ ಆಗಿತ್ತು. (ಒಣಗಿದ ಸಾಗವಾನಿ. ಚಹಾ ಚೆನ್ನಾಗಿಯೇ ಆಗಿರಬೇಕು.)

ಹಳೆಯ ಪಂಪನ್ನೇ ಅಳೆದರಾಗದೇ ಎಂದು ನೀವು ಕೇಳಬಹುದು. ಅದು ಬಸವನಹುಳುವಿನಂತೆ ಸುತ್ತಿಕೊಂಡಿರುವ ಕವಚ. ಹೊರಗೆ ಅಳೆಯಬಹುದು, ಒಳಗೆ ನೀರು ತಿರುಗುವ ದಾರಿಗೆ ಯಾರ ಕೈ ಹೋಗಬೇಕು? ಗಿರಾಕಿಯ ಬಳಿ ಇದ್ದುದು ಮೊಟ್ಟಮೊದಲ ಡ್ರಾಯಿಂಗು. ಆ ಪ್ರಕಾರ ಹೊಯ್ದ ಮೊದಮೊದಲ ಕವಚಗಳೆಲ್ಲ ಬಿರಿದಿದ್ದವು. ಆಮೇಲೆ ಮಿಸ್ತ್ರಿ ಅಲ್ಲಿ ಇಲ್ಲಿ ತಿದ್ದಿ ತಿದ್ದಿ ಸರಿ ಮಾಡಿದ್ದರು. ಆ ತಿದ್ದಿದ ಅಳತೆಗಳೇ ನಮಗೆ ಬೇಕಾದವು.

ಒದ್ದೆ ಸಾಮಾನನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಪೇಟೆಯ ಗಲ್ಲಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಇಮ್ತಿಯಾಜನ ಅಂಗಡಿಗೆ ಹೋದೆವು. ಶಾಂತ ಮನುಷ್ಯ. ಡಬ್ಬಿ ಬಿಚ್ಚಿದ, ಟಾರ್ಚ್ ಬಿಟ್ಟ, ಸ್ವಲ್ಪ ಹೊತ್ತು ನೋಡಿದ.

“ಇದರಾಗ ಇಬತ್ತಿ ಐತಲ್ರಿ.”

“ಪೂಜಾ ಇತ್ತು” ಎಂದೆ.

“ಕುಂಕುಮನೂ ಐತ್ರಿ. ಅಕ್ಕಿಕಾಳೂ ಅದಾವ.” ಚಿಮುಟದಿಂದ ಒಂದೊಂದಾಗಿ ಹೊರಗೆ ತೆಗೆದು ಕಾಗದದ ಮೇಲೆ ಇಟ್ಟ. “ಬ್ಯಾಕಪ್ ಇಟ್ಟೀರೇನ್ರಿ?”

“ಇಟ್ಟೇವಿ.”

“ಚಲೋ ಆತು. ಎಲ್ಲೈತ್ರಿ?”

“ಇದೇ, ನಿಮ್ಮ ಮುಂದ ಐತಲ್ಲ.”

ಇಮ್ತಿಯಾಜ್ ನಗಲಿಲ್ಲ. ಅವನ ಧಂದೆಯಲ್ಲಿ ನಗುತ್ತ ಕೂತರೆ ಕೆಲಸ ಸಾಗುವುದಿಲ್ಲ. ಹಾರ್ಡ್ ಡಿಸ್ಕ್ ತಿರುವಿ ನೋಡಿ, “ಮೂರ ಕಾಪಿ ಮಾಡಿ ಒಂದ ಟೇಬಲ್ ಮ್ಯಾಲೆ ತಂದು ಒಂದ ವೈರಿಗೆ ಹಚ್ಚಿದ್ರ ಅದು ಮೂರಾಗೂದಿಲ್ರಿ ಮೇಡಂ, ಒಂದ ಆಗ್ತೈತಿ” ಎಂದ. ಎರಡೂ ಡಿಸ್ಕಿನ ಒಳಗಿನ ಬೋರ್ಡು ಸುಟ್ಟಿದೆ, ಪುಣೆಗೆ ಕಳಿಸಬೇಕು, ಒಂದು ತಿಂಗಳಾದರೂ ಬೇಕು, ಬರುವ ಖಾತ್ರಿ ಇಲ್ಲ. ನಮ್ಮಲ್ಲಿದ್ದುದು ಹನ್ನೆರಡು ದಿನ.

ಆದರೆ ಪೆನ್‌ಡ್ರೈವ್ ಬದುಕಿತ್ತು. ಅದನ್ನು ಒರೆಸಿ, ಒಣಗಿಸಿ, ತನ್ನ ಕಂಪ್ಯೂಟರಿಗೆ ಹಾಕಿದ. ತೆರೆದುಕೊಂಡಿತು. ನಾನು ಮನಸ್ಸಿನಲ್ಲೇ ಕೈ ಮುಗಿದೆ. ನನ್ನ ತಮ್ಮನ ಮದುವೆಯ ಹಾಡುಗಳು. ಸೂರ್ಯೋದಯದ ಚಿತ್ರದೊಡನೆ ಶುಭೋದಯ ಹೇಳುವ ಸಂದೇಶಗಳು. ಅವುಗಳ ಕೆಳಗೆ, ಆಹಾ, ‘ಎಲ್ಲಾ ಡ್ರಾಯಿಂಗ್ ಹೊಸದು ಫೈನಲ್’. ನಾನೇ ಇಟ್ಟ ಹೆಸರು, ನಾನೇ ಮಾಡಿದ ಕಾಪಿ.

ಇಮ್ತಿಯಾಜ್ ಅದರ ಮೇಲೆ ಎರಡು ಸಲ ಒತ್ತಿದ. ಏನೂ ತೆರೆಯಲಿಲ್ಲ. ಚಿತ್ರದ ಮೂಲೆಯಲ್ಲಿದ್ದ ಒಂದು ಸಣ್ಣ ಬಾಣದ ಗುರುತನ್ನು ಬೆರಳಿನಿಂದ ತೋರಿಸಿದ.

“ಇದು ಶಾರ್ಟ್‌ಕಟ್ ರೀ ಮೇಡಂ. ಫೈಲ್ ಎಲ್ಲೈತಿ ಅನ್ನೂದನ್ನ ತೋರ್ಸೂ ಬಾಣ ಅಷ್ಟ. ಫೈಲ್ ಬಂದ ಇಲ್ಲ.”

ಎರಡು ವರ್ಷ. ಎರಡು ವರ್ಷ ನಮ್ಮ ಮನೆಯವರು ಆ ಬಾಣವನ್ನು ಬೀಗದ ಗೊಂಚಲಿನಲ್ಲಿ ಕಟ್ಟಿಕೊಂಡು ತಿರುಗಿದ್ದರು. ಮದುವೆಗೆ ಹೋದಾಗ ಪ್ಯಾಂಟಿನ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡಿದ್ದರು. ಅಂಗಡಿಯನ್ನು ಕಾಪಾಡುತ್ತೇನೆಂದು ಅಂಗಡಿಯ ಬೋರ್ಡನ್ನು ಮಾತ್ರ ಕಿತ್ತು ಮನೆಗೆ ತಂದ ಹಾಗಾಯಿತು. ಒಂದು ಸಲವಾದರೂ ತೆರೆದು ನೋಡಿದ್ದೆವೇ? ಇಲ್ಲ. ನೀವು ನೋಡಿದ್ದೀರಾ? ನಿಮ್ಮದರ ಮೂಲೆಯಲ್ಲಿ ಬಾಣ ಇದೆಯೇ? ಪೇಪರ್ ಕೆಳಗಿಟ್ಟು ಹೋಗಿ ನೋಡಿ ಬನ್ನಿ, ನಾನು ಎಲ್ಲಿಗೂ ಹೋಗುವುದಿಲ್ಲ.

ಸುದ್ದಿ ಉದ್ಯಮಬಾಗಕ್ಕೆಲ್ಲ ಹಬ್ಬಿತು. ಸಾಂತ್ವನ ಹೇಳಲು ಒಬ್ಬೊಬ್ಬರೇ ಬರತೊಡಗಿದರು. ಬಂದವರೆಲ್ಲ ಚಹಾ ಕುಡಿದು ತಮ್ಮ ತಮ್ಮ ಕಥೆ ಹೇಳಿದರು. ಬಾಜೂ ಶೆಡ್ಡಿನವರ ಕಂಪ್ಯೂಟರ್ ಮೂರು ವರ್ಷದಿಂದ ದಿನಾ ಬೆಳಗ್ಗೆ ಆಂಟಿವೈರಸ್ ಅವಧಿ ಮುಗಿದಿದೆ ಎಂದು ಬೇಡಿಕೊಳ್ಳುತ್ತಿತ್ತಂತೆ. ಇವರು ದಿನಾ ಬೆಳಗ್ಗೆ ಮೂಲೆಯ ಗುರುತು ಒತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದರಂತೆ. ಒಂದು ದಿನ, ತಾವು ತರಿಸದೇ ಇದ್ದ ಪಾರ್ಸೆಲ್ಲು ಬಂದಿದೆ ಎಂಬ ಮೇಲ್ ತೆರೆದರು. ಎಲ್ಲ ಫೈಲಿಗೂ ಬೀಗ ಬಿತ್ತು. ಎದುರುಗಡೆಯವರ ಆಪರೇಟರ್ ರಜೆಯ ವಿಷಯಕ್ಕೆ ಜಗಳ ತೆಗೆದು ಕೆಲಸ ಬಿಟ್ಟ, ಪಾಸ್‌ವರ್ಡ್ ಅವನ ತಲೆಯಲ್ಲಿತ್ತು, ತಲೆ ಅವನ ಜೊತೆ ಹೋಯಿತು. ಇನ್ನೊಬ್ಬರು ಕರೆಂಟ್ ಹೋದರೆ ಇರಲಿ ಎಂದು ಯುಪಿಎಸ್ ತಂದಿದ್ದರು. ಅದಕ್ಕೆ ಚಹಾದ ಕೆಟಲ್ಲನ್ನೂ ಹಚ್ಚಿದ್ದರು. ಕರೆಂಟ್ ಹೋದಾಗ ಚಹಾ ಉಳಿಯಿತಂತೆ.

ಕೊನೆಗೆ ಎಲ್ಲರೂ ಹೇಳಿದ್ದು ಒಂದೇ. “ಟೈಮ್ ಚಲೋ ಇರಲಿಲ್ರಿ.” ಮೂರು ವರ್ಷ ಬಾಯಿ ಮುಚ್ಚಿಸಿದ್ದು ಟೈಮು. ಕೆಟಲ್ ಹಚ್ಚಿದ್ದು ಟೈಮು. ನಾನೂ ನಮ್ಮ ಟೈಮನ್ನು ಬೈದು ಕೂತೆ, ಖರೇ ಹೇಳಬೇಕೆಂದರೆ ತುಸು ಹಗುರವೂ ಆಯಿತು.

ಸಂಜೆ ನಮ್ಮ ಮನೆಯವರು ಮೆಲ್ಲಗೆ ಕೇಳಿದರು. “ಮಿಸ್ತ್ರಿಗೆ ಫೋನ್ ಹಚ್ಚಲೇನು?”

ನನಗೆ ನಾಚಿಕೆಯಾಯಿತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಎರಡು ವರ್ಷದಲ್ಲಿ ಆ ಮನುಷ್ಯನಿಗೆ ಒಂದು ಫೋನ್ ಮಾಡಿರಲಿಲ್ಲ. ಕಣ್ಣು ಹೇಗಿದೆ ಎಂದು ಕೇಳಿರಲಿಲ್ಲ. ಈಗ ಯಾವ ಬಾಯಿಂದ ಮಾತಾಡುವುದು? ಫೋನ್ ಬೇಡ, ಹೋಗೇ ಬಿಡೋಣ ಎಂದೆ. ಮುಖ ತೋರಿಸಿದರೆ ಬೈಯಲಾದರೂ ಅನುಕೂಲ.

ಮರುದಿನ ಬೆಳಗ್ಗೆ ದೀಪಾಳನ್ನೂ ಕರೆದುಕೊಂಡು ಕಾರಿನಲ್ಲಿ ಹೊರಟೆವು. ಖಾನಾಪುರ ದಾಟಿದ ಮೇಲೆ ಎರಡೂ ಕಡೆ ಕಾಡು ಹತ್ತಿರ ಬರುತ್ತದೆ. ಗುಂಜಿಯಲ್ಲಿ ರೈಲ್ವೆ ಸ್ಟೇಷನ್ನಿನಿಂದ ಸ್ವಲ್ಪ ಆಚೆಗೆ ಅವರ ಮನೆ. ಬಾಗಿಲಲ್ಲಿ ಅವರ ಹೆಂಡತಿ ಲಕ್ಷ್ಮೀಬಾಯಿ. “ಯಾ, ಬಸಾ” ಎಂದು ಮರಾಠಿಯಲ್ಲಿ ಶುರು ಮಾಡಿ, ನನ್ನ ಮುಖ ನೋಡಿ ಗುರುತು ಹಿಡಿದು, “ಅಯ್ಯ, ವೈನಿಯಾರಾ? ಬರ್ರಿ, ಕುಂದರ್ರಿ” ಎಂದು ಕನ್ನಡಕ್ಕೆ ಹೊರಳಿದರು. ಮಿಸ್ತ್ರಿ ಪಡಸಾಲೆಯಲ್ಲಿ ಕೂತಿದ್ದರು. ನನ್ನ ದನಿ ಕೇಳಿ ಎದ್ದರು. ಕಣ್ಣು ನನ್ನ ಕಡೆ ತಿರುಗಿದ್ದರೂ ನನ್ನನ್ನು ನೋಡುತ್ತಿರಲಿಲ್ಲ.

ಎಲ್ಲ ಹೇಳಿದೆ. ಕಳಶ, ಜಾಲರಿ, ಬಾಣ, ಹನ್ನೆರಡರಲ್ಲಿ ಉಳಿದ ಹನ್ನೊಂದು ದಿನ. ನಗುತ್ತಾರೆ ಅಂದುಕೊಂಡಿದ್ದೆ, ನಗಬೇಕಾದ್ದೇ.

“ಯಾವ್ದು ಬೇಕಾಗಿತ್ರಿ?” ಎಂದರು.

“ದೊಡ್ಡ ಪಂಪಿಂದು. ಬಸವನಹುಳು ಅಂತಿದ್ರಲ್ಲ.”

ಅವರು ಹಿತ್ತಲ ಕಡೆ ಕೈ ಮಾಡಿದರು. “ಅದು ಎಮ್ಮಿ ಬಾಜೂಕ ಐತ್ರಿ.”

ಹೀಗೆ ನಾನು ನಮ್ಮ ಕಂಪನಿಯ ನಾಲ್ಕನೇ ಬ್ಯಾಕಪ್ ಇರುವ ಸ್ಥಳಕ್ಕೆ ಭೇಟಿ ಕೊಟ್ಟೆ. ಗಾಳಿ ಬೆಳಕು ಚೆನ್ನಾಗಿದೆ. ಸಿಬ್ಬಂದಿ ಒಂದು ಎಮ್ಮೆ, ಒಂದು ಕರು. ಇಲ್ಲಿಯ ಮಳೆ ಗೊತ್ತಲ್ಲ, ಪಡುವಣದಿಂದ ಹೊಡೆಯುತ್ತದೆ. ಆ ಹೊಡೆತ ತಡೆಯಲು ಕೊಟ್ಟಿಗೆಯ ಆ ಬದಿಗೆ ಮಿಸ್ತ್ರಿ ನಮ್ಮ ಹಲಗೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಬರೆದ ಮಗ್ಗಲು ಒಳಗೆ, ಬೋಳು ಮಗ್ಗಲು ಮಳೆಗೆ. ಒಂದಕ್ಕೂ ಮೊಳೆ ಹೊಡೆದಿರಲಿಲ್ಲ. ಅಂಚಿನಲ್ಲಿ ಪಟ್ಟಿ ಕೊಟ್ಟು ಸ್ಕ್ರೂ ಹಾಕಿದ್ದರು. ಯಾಕೆ ಎಂದು ನಮ್ಮ ಮನೆಯವರು ಕೇಳಿದರು.

“ಮೊಳಿ ಹೊಡದ್ರ ಗೆರಿ ಹಾಳಾಗ್ತಾವ್ರಿ ಸಾವ್ಕಾರ.”

ಕೊಟ್ಟಿಗೆಯ ತಡಿಕೆಯ ಮೇಲಿನ ಗೆರೆ ಹಾಳಾದರೆ ಎಮ್ಮೆಗೇನಾಗಬೇಕು? ಆದರೆ ಅವರಿಗೆ ಆಗುತ್ತಿತ್ತು.

ಎಲ್ಲ ಹಲಗೆಗಳೂ ಉಳಿದಿರಲಿಲ್ಲ. ಕೆಲವು ಹಸಿ ಕುಡಿದು ಪದರು ಬಿಚ್ಚಿದ್ದವು. ಒಂದು ಬಚ್ಚಲಿನ ಬಾಗಿಲಾಗಿತ್ತು. ಬೇಕಾದ ಹಲಗೆ ಮಾತ್ರ ನೆಟ್ಟಗೆ ನಿಂತಿತ್ತು. ಬಿಚ್ಚಿ ಅಂಗಳಕ್ಕೆ ತಂದು ಒರೆಸಿದಾಗ ಬಸವನಹುಳು ಕಂಡಿತು. ದೀಪಾ ಟೇಪು ಹಿಡಿದು ಅಂಗಳದಲ್ಲೇ ಮಂಡಿಯೂರಿ ಬರೆದುಕೊಳ್ಳತೊಡಗಿದಳು. ಅರ್ಧ ತಾಸು ಎಲ್ಲ ಸುಸೂತ್ರ. ಆಮೇಲೆ ಅವಳ ಕೈ ನಿಂತಿತು.

“ಅಕ್ಕಾರ, ಮೂಗಿನ ಹಂತೇಕ ಏನೂ ಇಲ್ರಿ.”

ಮೂಗು ಎಂದರೆ ಆ ಸುರುಳಿ ಒಳಗೆ ತಿರುಗಿ ಮುಗಿಯುವ ತುದಿ. ನೀರು ಅಲ್ಲೇ ಬಡಿಯುವುದು, ಕವಚ ಅಲ್ಲೇ ಬಿರಿಯುತ್ತಿದ್ದುದು. ನೇರ ಆ ಜಾಗಕ್ಕೇ ಎಮ್ಮೆ ಎರಡು ಮಳೆಗಾಲ ಬೆನ್ನು ಉಜ್ಜಿಕೊಂಡಿತ್ತು. ಹಲಗೆ ನುಣ್ಣಗೆ ಹೊಳೆಯುತ್ತಿತ್ತು. ವೈರಸ್ ಅಲ್ಲ, ಕರೆಂಟಲ್ಲ, ಎಮ್ಮೆ. ಇಮ್ತಿಯಾಜನಿಗೂ ಇದು ಹೊಸ ಕೇಸು.

ಮೂಗು ಇಲ್ಲದಿದ್ದರೆ ಉಳಿದದ್ದು ಎಷ್ಟಿದ್ದರೂ ಪ್ರಯೋಜನವಿಲ್ಲ. ಆರು ಜನರ ಮುಖಗಳು ಕಣ್ಣ ಮುಂದೆ ಬಂದವು.

ಮಿಸ್ತ್ರಿ ಕೆಳಗೆ ಕೂತು ಆ ನುಣುಪಿನ ಮೇಲೆ ಅಂಗೈ ಆಡಿಸಿದರು. “ಬರಕೋ ತಂಗಿ” ಎಂದರು ದೀಪಾಗೆ. ಒಂದೊಂದೇ ಅಳತೆ ಹೇಳುತ್ತ ಹೋದರು. ಇಷ್ಟು ಗುಂಡಗೆ, ಇಷ್ಟು ಇಳಿಜಾರು. ತಡವರಿಸಲಿಲ್ಲ. ಕೊನೆಗೆ, “ಇಲ್ಲಿ ದಪ್ಪ ಮೂರ ಎಂಎಂ ಜಾಸ್ತಿ ಹಿಡಿ” ಎಂದರು.

ದೀಪಾ ತಲೆ ಎತ್ತಿದಳು. “ಮಾಮಾ, ಕಂಪ್ಯೂಟರಿನ್ಯಾಗ ಅದು ಇರಲಿಲ್ಲ. ಹಲಗಿ ಅಳದು ನಾನ ಹಾಕಿದ್ದು. ನನಗ ನೆನಪೈತಿ, ಅಲ್ಲಿ ಜಾಸ್ತಿ ಏನೂ ಇರಲಿಲ್ಲ.”

“ಹಲಗಿ ಮ್ಯಾಗೂ ಇರಲಿಲ್ಲ. ಆಮ್ಯಾಲೆ ಬಿರಿಯಾಕ ಹತ್ತಿತಲ್ಲ, ಆವಾಗ ಕಟಗಿ ಮ್ಯಾಗನ ಹೆಚ್ಚ ಮಾಡಿದ್ದೆ. ಹಲಗಿ ಮ್ಯಾಗ ತಿದ್ದಲಿಲ್ಲ. ನನಗ ಗೊತ್ತೈತಲ್ಲ ಅಂತ ಬಿಟ್ಟೆ.”

ಓದುಗ ಮಹಾಶಯರೇ, ಇಲ್ಲಿ ಸ್ವಲ್ಪ ನಿಲ್ಲಿ. ಕಳಶ ಉರುಳದೇ ಇದ್ದಿದ್ದರೆ ಏನಾಗುತ್ತಿತ್ತು? ದೀಪಾ ಡ್ರಾಯಿಂಗ್ ತೆರೆಯುತ್ತಿದ್ದಳು. ನಾವು ಹೆಮ್ಮೆಯಿಂದ, ಎಂಟೇ ದಿನದಲ್ಲಿ, ತಪ್ಪು ಪ್ಯಾಟರ್ನ್ ಮಾಡಿ ಕೊಡುತ್ತಿದ್ದೆವು. ಕವಚಗಳೆಲ್ಲ ಬಿರಿಯುತ್ತಿದ್ದವು. ಆಗ ಗಿರಾಕಿ ನಮ್ಮನ್ನು ಕೇಳುವ ಗೋಜಿಗೂ ಹೋಗದೆ ಕೊಲ್ಹಾಪುರಕ್ಕೆ ಹೋಗಿಬಿಡುತ್ತಿದ್ದರು. ಎರಡು ವರ್ಷ ನಾನು ತಿಜೋರಿಯಲ್ಲಿಟ್ಟು ಕಾಪಾಡಿದ್ದು, ಊದುಬತ್ತಿ ಬೆಳಗಿದ್ದು, ಕಳಕೊಂಡೆನೆಂದು ಅತ್ತದ್ದು ಎಲ್ಲವೂ ಒಂದು ತಪ್ಪು ಅಳತೆಗೆ. ಮೂರು ಕಾಪಿ ಮಾಡಿದ್ದೆವಲ್ಲ, ತಪ್ಪೂ ಮೂರು ಕಾಪಿ ಆಗಿತ್ತು.

ನನಗೆ ಸಿಟ್ಟು ಬಂತು. (ತಪ್ಪು ನನ್ನದಾದಾಗಲೇ ನನಗೆ ಸಿಟ್ಟು ಹೆಚ್ಚು.) “ಮಿಸ್ತ್ರಿಯವರ, ಏಳ ತಿಂಗಳ ಈ ಹುಡುಗಿ ನಿಮ್ಮ ಎದುರಿಗೇ ಕುಂತು ಹಲಗಿ ಅಳೀತು. ಆವಾಗ ಒಂದ ಮಾತ ಹೇಳಬಾರದಾಗಿತ್ತಾ?”

ಅವರಿಗೆ ಸಿಟ್ಟಿರಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ತಡಕಿ ತಡಕಿ ಒಂದು ಡಬ್ಬಿಗೆ ಹಾಕುತ್ತಿದ್ದರು.

“ನೀವು ಹಲಗಿ ಕೇಳಿದ್ರಿ ವೈನಿ. ನನ್ನ ಕೇಳಲಿಲ್ಲ.”

ಹದಿನೆಂಟು ವರ್ಷ ಶಾಪು ನಡೆಸಿದವಳು ಕೆಳಗೆ ಕೂತು ಉಳಿದ ಸ್ಕ್ರೂಗಳನ್ನು ಹೆಕ್ಕಿ ಅವರ ಡಬ್ಬಿಗೆ ಹಾಕಿದೆ. ಲಕ್ಷ್ಮೀಬಾಯಿ ಚಹಾ ತಂದರು. ಕುಡಿದೆ. ಶಾಪಿಗೆ ಬಂದು ನಿಂತು ಮಾಡಿಸುತ್ತೀರಾ ಎಂದು ಅವರನ್ನೇ ಕೇಳಿದೆ.

ಮಿಸ್ತ್ರಿ ಮರುದಿನದಿಂದ ರೈಲಿಗೆ ಬಂದರು, ಊರಿನವರೊಬ್ಬರು ಜೊತೆ ಬಂದು ಬಿಟ್ಟು ಹೋಗುತ್ತಿದ್ದರು. ಉಳಿ ಹಿಡಿದವರು ನಮ್ಮ ಕೆಲಸದವರು, ಮುಟ್ಟಿ ನೋಡಿ ‘ಇನ್ನೊಂದ ಕೂದಲೆಳಿ ತಗೀರಿ’ ಎಂದವರು ಮಿಸ್ತ್ರಿ. ಹನ್ನೊಂದನೇ ದಿನ ಪ್ಯಾಟರ್ನ್ ಹೋಯಿತು. ಹೊಯ್ದ ಮೊದಲ ಕವಚ ಬಿರಿಯಲಿಲ್ಲ ಎಂದು ಮೊನ್ನೆ ಫೋನು ಬಂತು. ಕೆಲಸ ಉದ್ಯಮಬಾಗದಲ್ಲೇ ಉಳಿದಿದೆ.

ಈಗ ನಾವು ಸುಧಾರಿಸಿದ್ದೇವೆ. ಉಳಿದ ಹಲಗೆಗಳಿಂದ ದೀಪಾ ಡ್ರಾಯಿಂಗುಗಳನ್ನು ಮತ್ತೆ ಏರಿಸುತ್ತಿದ್ದಾಳೆ. ಹೊಸ ಡಿಸ್ಕುಗಳಲ್ಲಿ ಒಂದು ಶಾಪಿನಲ್ಲಿ, ಒಂದು ಖಾನಾಪುರದಲ್ಲಿರುವ ನನ್ನ ತಮ್ಮನ ಮನೆಯಲ್ಲಿ. ಮೂರನೆಯ ಕಾಪಿ ಇಂಟರ್ನೆಟ್ಟಿನಲ್ಲಿ. (“ನಮ್ಮ ಡ್ರಾಯಿಂಗ್ ಮಂದಿ ಮನ್ಯಾಗ ಯಾಕ?” ಎನ್ನುತ್ತಿದ್ದ ನಮ್ಮ ಮನೆಯವರು ಎಮ್ಮೆಯ ಮನೆ ನೋಡಿ ಬಂದ ಮೇಲೆ ಒಪ್ಪಿದ್ದಾರೆ.) ತಿಂಗಳ ಮೊದಲ ಸೋಮವಾರ ದೀಪಾ ಮೂರನ್ನೂ ತೆರೆದು, ಒಂದೊಂದು ಡ್ರಾಯಿಂಗ್ ತೆಗೆದು ತೋರಿಸಬೇಕು. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿದೆ, ಇಬ್ಬರೂ ಜಗಳ ಆಡದಂತೆ ನೋಡಿಕೊಳ್ಳುತ್ತೇನೆ.

ಇಷ್ಟೆಲ್ಲ ಇಮ್ತಿಯಾಜ್ ಹೇಳಿಕೊಟ್ಟದ್ದು. ಅವನು ಹೇಳಿಕೊಡದ ಕೆಲಸ ಗುರುವಾರಗಳಂದು ನಡೆಯುತ್ತದೆ. ಆ ದಿನ ಮಿಸ್ತ್ರಿ ಶಾಪಿಗೆ ಬಂದು ದೀಪಾಳ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವಳು ಒಂದು ಹಲಗೆಯ ಹೆಸರು ಹೇಳುತ್ತಾಳೆ. ಇಲ್ಲಿ ಯಾಕೆ ದಪ್ಪ, ಅಲ್ಲಿ ಯಾಕೆ ಗುಂಡಗೆ, ಹಲಗೆಯ ಮೇಲೆ ಬರೆಯದೇ ಬಿಟ್ಟದ್ದು ಏನು ಎಂದು ಅವರು ಹೇಳುತ್ತಾರೆ. ಅವಳು ಬರೆದುಕೊಳ್ಳುತ್ತಾಳೆ. ಇಲ್ಲಿಯವರೆಗೆ ಹದಿನಾಲ್ಕು ಹಲಗೆ ಆಗಿವೆ. ಅದರಲ್ಲಿ ಒಂಬತ್ತು ಹಳೆಯ ಕಂಪ್ಯೂಟರಿಗೆ ತಪ್ಪಾಗಿಯೇ ಏರಿದ್ದವು. ಮುಂದಿನ ತಿಂಗಳು ಮಿಸ್ತ್ರಿಯವರ ಕಣ್ಣಿನ ಆಪರೇಷನ್ ಇದೆ. ಈ ಸಲ ನಾನೇ ಜೊತೆಗೆ ಹೋಗುತ್ತೇನೆ.

ಅದಿರಲಿ, ಈ ತಿಂಗಳು ನಿಮ್ಮ ಆಫೀಸಿನಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಏನೂ ಕೇಳದೆ ಯಾರನ್ನು ಮನೆಗೆ ಕಳಿಸುತ್ತಿದ್ದೀರಿ?